ಮನೆ ಪಕ್ಕದ ಶಾಲೆ ಯಾರಿಗೆ?

ಬೆಂಗಳೂರು: ಶಾಲೆಗಳು ಬಾಗಿಲು ತೆರೆಯುವುದು ಮೇ ಕೊನೆಗೆ ಅಥವಾ ಜೂನ್ ಮೊದಲ ವಾರಕ್ಕೆ. ಆದರೆ ರಾಜಧಾನಿಯ ಹೆಸರಾಂತ ಖಾಸಗಿ ಶಾಲೆಗಳಲ್ಲಿ ಮುಂದಿನ ವರ್ಷದ ಎಲ್‌ಕೆಜಿಗೆ ಅರ್ಜಿ ಹಾಕುವ ಧಾವಂತ ದಸರಾ ರಜೆ ಮುಗಿಯುವ ಹೊತ್ತಿಗೇ ಆರಂಭವಾಗಿರುತ್ತದೆ. ದೀಪಾವಳಿ ಕಳೆದು ಕಾರ್ತಿಕ ಮುಗಿಯುವಷ್ಟರಲ್ಲಿ ಕೆಲವು ಶಾಲೆಗಳ ಸೀಟುಗಳೇ ಮುಗಿದಿರುತ್ತವೆ. ಹಿಂದೆ ಅರ್ಜಿ ಫಾರಂಗಾಗಿ ಪೋಷಕರು ರಾತ್ರಿಯಿಡೀ ಗೇಟಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಈಗ ಅದೇ ಪೋಷಕರು ಕಂಪ್ಯೂಟರ್ ಮುಂದೆ ಕುಳಿತು, ಶಾಲೆಯ ಅಂತರ್ಜಾಲ ಪುಟ ತೆರೆದುಕೊಳ್ಳುವ ಗಳಿಗೆಗಾಗಿ ಕಾಯುತ್ತಾರೆ. ಸಾಲು ಕಣ್ಣಿಗೆ ಕಾಣದಂತಾಗಿದೆಯೇ ಹೊರತು ಕರಗಿಲ್ಲ.

ಜಯನಗರ, ಮಲ್ಲೇಶ್ವರ, ಬಸವನಗುಡಿ, ರಾಜಾಜಿನಗರದಂತಹ ಹಳೆಯ ಬಡಾವಣೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕುಟುಂಬಗಳದ್ದೂ ಇದೇ ಪಾಡು. ಬೆಳಗಿನ ಪ್ರಾರ್ಥನೆಯ ಗಂಟೆ ಮನೆಯೊಳಗೆ ಕೇಳಿಸುವಷ್ಟು ಹತ್ತಿರದಲ್ಲಿ ಶಾಲೆ ಇದ್ದರೂ ಮಗುವಿಗೆ ಅಲ್ಲಿ ಸೀಟು ಸಿಗುವ ಖಾತರಿಯಿಲ್ಲ. ಕೊನೆಗೆ ಸಿಗುವುದು ಊರಿನ ಇನ್ನೊಂದು ತುದಿಯ ಶಾಲೆ. ನಾಲ್ಕು ವರ್ಷದ ಮಗು ಏಳು ಗಂಟೆಗೆ ಹಳದಿ ವ್ಯಾನು ಹತ್ತುತ್ತದೆ. ಅದೇ ರಸ್ತೆಗೆ ಬೇರೆ ಬಡಾವಣೆಗಳ ಮಕ್ಕಳನ್ನು ಹೊತ್ತ ವ್ಯಾನುಗಳು ಎದುರಿನಿಂದ ಬರುತ್ತಿರುತ್ತವೆ. ಬೆಂಗಳೂರಿನ ಬೆಳಗಿನ ಸಂಚಾರ ದಟ್ಟಣೆಗೆ ಕಾರಣ ಹುಡುಕುವವರು ಈ ಅದಲು ಬದಲಿನ ಲೆಕ್ಕವನ್ನೂ ತೆಗೆಯಬೇಕಿತ್ತು.

ಬೇಡಿಕೆ ಹೆಚ್ಚು, ಸೀಟು ಕಡಿಮೆ. ಆದ್ದರಿಂದ ಪೈಪೋಟಿ ಸಹಜ ಎಂಬ ಸಮರ್ಥನೆ ಶಾಲಾ ಆಡಳಿತ ಮಂಡಳಿಗಳಿಂದ ಸದಾ ಕೇಳಿಬರುತ್ತದೆ. ಅದು ಅರ್ಧ ಸತ್ಯ ಮಾತ್ರ. ಸೀಟು ಕಡಿಮೆ ಇದ್ದಾಗ ಯಾರಿಗೆ ಕೊಡಬೇಕು ಎಂಬುದಕ್ಕೆ ನಿಯಮ ಬೇಕು. ರಾಜ್ಯದಲ್ಲಿ ಎಲ್‌ಕೆಜಿ ಹಂತಕ್ಕೆ ಅಂತಹ ಸ್ಪಷ್ಟ ನಿಯಮವಿಲ್ಲ. ಒಂದನೇ ತರಗತಿಗೆ ಇದೆ, ಆದರೆ ಅಷ್ಟರಲ್ಲಿ ಸೀಟೇ ಇರುವುದಿಲ್ಲ.

ಆರು ತುಂಬುವವರೆಗೆ ಕಾನೂನು ದೂರ

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಂ ಬಹಳ ಕಟುವಾಗಿದೆ. ವಂತಿಗೆ ಪಡೆಯುವಂತಿಲ್ಲ. ಮಗುವನ್ನಾಗಲೀ ತಂದೆ ತಾಯಿಯನ್ನಾಗಲೀ ಪರೀಕ್ಷೆ, ಸಂದರ್ಶನಗಳ ಜರಡಿಗೆ ಹಾಕುವಂತಿಲ್ಲ. ವಂತಿಗೆ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ. ಸಂದರ್ಶನ ನಡೆಸಿದರೆ ಮೊದಲ ತಪ್ಪಿಗೆ 25 ಸಾವಿರ ರೂಪಾಯಿ, ನಂತರದ ಪ್ರತಿ ತಪ್ಪಿಗೆ 50 ಸಾವಿರ ರೂಪಾಯಿವರೆಗೆ ದಂಡ. ಲಾಟರಿಯಂತಹ ಯಾದೃಚ್ಛಿಕ ವಿಧಾನವೊಂದನ್ನು ಬಿಟ್ಟು ಬೇರಾವ ರೀತಿಯಲ್ಲಿ ಒಂದು ಮಗುವಿಗಿಂತ ಇನ್ನೊಂದಕ್ಕೆ ಆದ್ಯತೆ ಕೊಟ್ಟರೂ ಅದು ‘ಜರಡಿ’ಯೇ ಎಂದು ಕಾಯಿದೆ ವ್ಯಾಖ್ಯಾನಿಸುತ್ತದೆ.

ಇಷ್ಟೆಲ್ಲ ಇದ್ದರೂ ತಂದೆ ತಾಯಿ ಇಬ್ಬರೂ ಕಚೇರಿಗೆ ರಜೆ ಹಾಕಿ, ಮಗುವಿಗೆ ಹೊಸ ಬಟ್ಟೆ ತೊಡಿಸಿ ಪ್ರಾಂಶುಪಾಲರ ಕೊಠಡಿಯ ಹೊರಗೆ ಕಾಯುವುದು ನಿಂತಿಲ್ಲ. ಅದಕ್ಕೀಗ ಸಂದರ್ಶನ ಎನ್ನುವುದಿಲ್ಲ, ‘ಇಂಟರ್‌ಆಕ್ಷನ್’ ಎನ್ನುತ್ತಾರೆ. ಪ್ರಶ್ನೆಗಳು ಮಾತ್ರ ಹಳೆಯವೇ. ಇಬ್ಬರ ವಿದ್ಯಾಭ್ಯಾಸವೇನು, ಉದ್ಯೋಗವೇನು, ಮನೆಯಲ್ಲಿ ಯಾವ ಭಾಷೆ, ಮಗುವನ್ನು ಹಗಲು ನೋಡಿಕೊಳ್ಳುವವರು ಯಾರು, ಸ್ವಂತ ಮನೆಯೋ ಬಾಡಿಗೆಯೋ? ಬಣ್ಣ, ಹಣ್ಣುಗಳ ಹೆಸರನ್ನು ಮಗು ಇಂಗ್ಲಿಷಿನಲ್ಲಿ ಹೇಳಬೇಕು. ಅದನ್ನು ಕಲಿಸುವುದಕ್ಕೆಂದೇ ಮೂರು ತುಂಬುವ ಮೊದಲೇ ಮಗುವನ್ನು ಪ್ಲೇ ಹೋಮ್‌ಗೆ ಸೇರಿಸುವ ಪರಿಪಾಠ ಬೆಳೆದಿದೆ.

ಇದು ಕಾನೂನಿನ ಉಲ್ಲಂಘನೆಯಲ್ಲವೇ ಎಂದು ಕೇಳಿದರೆ ಉತ್ತರ ಅಷ್ಟು ಸರಳವಲ್ಲ. ಕಾಯಿದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದೊಳಗಿನವರು. ಎಲ್‌ಕೆಜಿಗೆ ಬರುವ ಮಗುವಿಗೆ ನಾಲ್ಕು ವರ್ಷ. ಈ ಪ್ರಶ್ನೆ ದೆಹಲಿ ಹೈಕೋರ್ಟ್ ಮುಂದೆ ಬಂದಾಗ, 2013ರ ಫೆಬ್ರುವರಿಯಲ್ಲಿ ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು, ಶೇ 25ರ ಮೀಸಲು ಸೀಟುಗಳನ್ನು ಹೊರತುಪಡಿಸಿದರೆ ನರ್ಸರಿ ಪ್ರವೇಶಕ್ಕೆ ಈ ಕಾಯಿದೆ ಅನ್ವಯಿಸದು ಎಂದಿತು. ನರ್ಸರಿಯಲ್ಲೇ ಆಯ್ಕೆ ಮುಗಿದುಹೋದರೆ ಒಂದನೇ ತರಗತಿಗೆ ಕಾಯಿದೆ ಇದ್ದು ಏನು ಪ್ರಯೋಜನ ಎಂಬ ಕಳವಳವನ್ನೂ ನ್ಯಾಯಾಲಯ ದಾಖಲಿಸಿ, ತಿದ್ದುಪಡಿ ಕುರಿತು ಆಲೋಚಿಸುವಂತೆ ಸರಕಾರಕ್ಕೆ ಹೇಳಿತ್ತು. ಆ ತಿದ್ದುಪಡಿ ಬರಲಿಲ್ಲ.

ಲೆಕ್ಕ ಹಾಕಿ ನೋಡಿದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಶಾಲೆಯ ಎಲ್‌ಕೆಜಿಯಲ್ಲಿ ತಲಾ 30 ಮಕ್ಕಳ ಎರಡು ವಿಭಾಗಗಳಿವೆ ಎನ್ನೋಣ. ಆ 60 ಮಕ್ಕಳೇ ಯುಕೆಜಿಗೆ, ಅವರೇ ಒಂದನೇ ತರಗತಿಗೆ ಹೋಗುತ್ತಾರೆ. ಯಾರಾದರೂ ವರ್ಗವಾಗಿ ಊರು ಬಿಟ್ಟರೆ ಮಾತ್ರ ಒಂದೆರಡು ಸ್ಥಾನ ತೆರವು. ಎಲ್‌ಕೆಜಿಯ 60ರಲ್ಲಿಯೂ ಈಗಾಗಲೇ ಓದುತ್ತಿರುವವರ ತಮ್ಮ ತಂಗಿಯರು, ಶಿಕ್ಷಕರ ಮಕ್ಕಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಆಡಳಿತ ಮಂಡಳಿಯ ಶಿಫಾರಸಿನವರು ಎಂದು ಕಳೆಯುತ್ತ ಹೋದರೆ ‘ಹೊರಗಿನವರಿಗೆ’ ಉಳಿಯುವುದು ಎಷ್ಟು? ಆ ಸಂಖ್ಯೆಯನ್ನು ಯಾವ ಶಾಲೆಯೂ ಫಲಕದಲ್ಲಿ ಬರೆದು ಹಾಕುವುದಿಲ್ಲ. ಪೋಷಕರನ್ನು ಹೆಚ್ಚು ಕಂಗೆಡಿಸುವುದು ಸೀಟಿನ ಕೊರತೆಗಿಂತ ಈ ಗುಟ್ಟು. ಸೀಟು ಏಕೆ ಸಿಗಲಿಲ್ಲ ಎಂಬುದು ತಿಳಿಯದ ಕಾರಣಕ್ಕೇ ಮನೆಯವರು ಶಾಸಕರ ಪತ್ರ, ಮಠದ ಪರಿಚಯ, ‘ಡೊನೇಶನ್’ ಮಾತನಾಡಿಸುವ ಮಧ್ಯವರ್ತಿ ಎಂದು ಓಡಾಡತೊಡಗುತ್ತಾರೆ. ವಂತಿಗೆ ನಿಷೇಧಿಸುವ ಪ್ರತ್ಯೇಕ ಕಾಯಿದೆ ಕರ್ನಾಟಕದಲ್ಲಿ 1984ರಿಂದಲೇ ಇದೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳುವುದು ತುಸು ಮುಜುಗರದ ಸಂಗತಿ.

ದೆಹಲಿಯಲ್ಲಿ ನಡೆದದ್ದು

ಈ ವಿಷಯದಲ್ಲಿ ಎರಡು ದಶಕಗಳಿಂದ ಬಹಿರಂಗವಾಗಿ ಜಗಳವಾಡುತ್ತಿರುವ ನಗರ ದೆಹಲಿ. ಸಂದರ್ಶನಗಳ ಹಾವಳಿ ವಿರುದ್ಧ ನ್ಯಾಯಾಲಯಕ್ಕೆ ದೂರು ಹೋದ ಬಳಿಕ ಗಂಗೂಲಿ ಸಮಿತಿ ರಚನೆಯಾಗಿ, 2007ರ ಸುಮಾರಿಗೆ ನರ್ಸರಿ ಪ್ರವೇಶಕ್ಕೆ ಅಂಕ ಪದ್ಧತಿ ಬಂತು. ಮನೆ ಎಷ್ಟು ದೂರ, ಅಕ್ಕ ಅಣ್ಣ ಅಲ್ಲೇ ಓದುತ್ತಿದ್ದಾರೆಯೇ, ತಂದೆ ತಾಯಿ ಹಳೆಯ ವಿದ್ಯಾರ್ಥಿಗಳೇ ಎಂಬುದಕ್ಕೆಲ್ಲ ಅಂಕ. 2013ರ ಡಿಸೆಂಬರಿನಲ್ಲಿ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಹೊರಡಿಸಿದ ಮಾರ್ಗಸೂಚಿಯಲ್ಲಿ ನೂರಕ್ಕೆ 70 ಅಂಕ ನೆರೆಹೊರೆಯ ಮಕ್ಕಳಿಗೇ ಮೀಸಲಾಗಿತ್ತು. ಮುಂದಿನ ವರ್ಷ ಹೈಕೋರ್ಟ್ ಆ ಮಾರ್ಗಸೂಚಿಯನ್ನು ರದ್ದುಪಡಿಸಿತು. ಖಾಸಗಿ ಶಾಲೆಗಳಿಗೆ ಪ್ರವೇಶದ ಸ್ವಾಯತ್ತತೆ ಇದೆ, ಪೋಷಕರಿಗೆ ಆಯ್ಕೆಯ ಹಕ್ಕಿದೆ ಎಂಬುದು ಅದರ ನಿಲುವು. 2016ರಲ್ಲಿ ಆಡಳಿತ ಮಂಡಳಿ ಕೋಟಾ ಸೇರಿದಂತೆ 62 ಮಾನದಂಡಗಳನ್ನು ಸರಕಾರ ರದ್ದು ಮಾಡಿದಾಗಲೂ ಶಾಲೆಗಳು ಕೋರ್ಟಿಗೆ ಹೋಗಿ ಹಲವಕ್ಕೆ ತಡೆ ತಂದವು.

ಹಾಗಾಗಿ ದೆಹಲಿಯ ಮಾದರಿ ಗೆದ್ದಿತು ಎನ್ನುವಂತಿಲ್ಲ. ಆದರೂ ಅಲ್ಲಿನ ಪೋಷಕರಿಗೆ ಒಂದು ಅನುಕೂಲವಿದೆ. ಯಾವ ಮಾನದಂಡಕ್ಕೆ ಎಷ್ಟು ಅಂಕ ಎಂಬುದನ್ನು ಶಾಲೆಗಳು ಮೊದಲೇ ಪ್ರಕಟಿಸಬೇಕು. ಸೋತವರಿಗೆ ತಾವು ಎಷ್ಟು ಅಂಕದಿಂದ ಸೋತೆವು ಎಂಬುದಾದರೂ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ‘ಕ್ಷಮಿಸಿ, ಸೀಟುಗಳು ಭರ್ತಿಯಾಗಿವೆ’ ಎಂಬ ಒಂದು ಸಾಲಿನ ಸಂದೇಶ ಬರುತ್ತದೆ, ಅದೂ ಬಂದರೆ.

ದೆಹಲಿಯ ಜಗಳದಲ್ಲಿ ಬೆಂಗಳೂರಿಗೆ ನೇರವಾಗಿ ತಾಕುವ ಇನ್ನೊಂದು ಅಂಶವಿದೆ. ಅದು ನೆಲದ ಪ್ರಶ್ನೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರದಿಂದ ರಿಯಾಯಿತಿ ದರದಲ್ಲಿ ಭೂಮಿ ಪಡೆದ ಶಾಲೆಗಳ ಹಂಚಿಕೆ ಪತ್ರಗಳಲ್ಲಿ ಎರಡು ಬಗೆಯ ಷರತ್ತುಗಳಿದ್ದವು. ಶುಲ್ಕ ಏರಿಸುವ ಮೊದಲು ಸರಕಾರದ ಒಪ್ಪಿಗೆ ಪಡೆಯಬೇಕು ಎಂಬುದು ಒಂದು. ಅದನ್ನು 2016ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಮರುವರ್ಷ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ. ಆ ಬಡಾವಣೆಯ ನಿವಾಸಿಗಳ ಮಕ್ಕಳಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದು ಇನ್ನೊಂದು. ಅದನ್ನು ಆಧಾರವಾಗಿಟ್ಟುಕೊಂಡು ದೆಹಲಿ ಸರಕಾರ 2017ರ ಆರಂಭದಲ್ಲಿ ಹೊರಡಿಸಿದ ಆದೇಶಕ್ಕೆ ಮಾತ್ರ ಹೈಕೋರ್ಟ್ ತಡೆ ನೀಡಿತು.

ಸಿಎ ನಿವೇಶನದ ಋಣ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆ ನಿರ್ಮಿಸುವಾಗ ಮನೆ ನಿವೇಶನಗಳ ಜತೆಗೆ ನಾಗರಿಕ ಸೌಲಭ್ಯಕ್ಕೆಂದು ಜಾಗ ಬಿಡುತ್ತದೆ. ಜನರ ಬಾಯಲ್ಲಿ ಅದು ‘ಸಿಎ ಸೈಟು’. ಶಾಲೆ, ಆಸ್ಪತ್ರೆ, ಗ್ರಂಥಾಲಯ, ಸಮುದಾಯ ಭವನ ಮುಂತಾದವುಗಳಿಗೆ ಇಂತಹ ನಿವೇಶನಗಳನ್ನು 1989ರ ನಿಯಮಗಳ ಅಡಿ ಸಂಘ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ವರ್ಷಗಳ ಗುತ್ತಿಗೆಗೆ ಕೊಡಲಾಗುತ್ತದೆ. ನಗರದ ಎಷ್ಟೋ ಖಾಸಗಿ ಶಾಲೆಗಳು ನಿಂತಿರುವುದು ಇಂತಹ ನಿವೇಶನಗಳ ಮೇಲೆ.

ಈ ಜಾಗ ಆಕಾಶದಿಂದ ಉದುರಿದ್ದಲ್ಲ. ಯಾವುದೋ ಹಳ್ಳಿಯ ರೈತರ ಹೊಲ ಸ್ವಾಧೀನವಾಗಿ ಬಡಾವಣೆಯಾಯಿತು. ನಿವೇಶನ ಕೊಂಡವರು ಕೊಟ್ಟ ಬೆಲೆಯಲ್ಲಿ ರಸ್ತೆ, ಉದ್ಯಾನ, ಸಿಎ ನಿವೇಶನಗಳ ಖರ್ಚೂ ಸೇರಿತ್ತು. ಅಂದರೆ ಆ ಬಡಾವಣೆಯ ಜನರಿಗೆ ಅದರಲ್ಲಿ ಒಂದು ಬಗೆಯ ಪಾಲಿದೆ. ರಾಜಮಹಲ್ ವಿಲಾಸ್ ಬಡಾವಣೆಯ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನಿವಾಸಿಗಳ ಪರ ನಿಂತು, ಅಂತಹ ಹಂಚಿಕೆಯನ್ನು ಪ್ರಶ್ನಿಸುವ ಹಕ್ಕು ಅವರಿಗಿದೆ ಎಂದಿತ್ತು. ಉದ್ಯಾನದ ವಿಷಯದಲ್ಲಿ ಒಪ್ಪಿಗೆಯಾದ ಮಾತು ಶಾಲೆಯ ವಿಷಯದಲ್ಲಿ ಇನ್ನೂ ಚರ್ಚೆಗೇ ಬಂದಿಲ್ಲ. ಉದ್ಯಾನದ ಗೇಟಿನಲ್ಲಿ ಯಾರೂ ತಂದೆಯ ಸಂಬಳ ಕೇಳುವುದಿಲ್ಲ.

ಇದರ ಎದುರು ವಾದವೂ ಹಗುರವಾದುದಲ್ಲ. ನೆರೆಹೊರೆಗೇ ಆದ್ಯತೆ ಎಂದರೆ, ಒಳ್ಳೆಯ ಶಾಲೆ ಇರುವ ದುಬಾರಿ ಬಡಾವಣೆಯಲ್ಲಿ ಮನೆ ಇರುವವರಿಗೇ ಒಳ್ಳೆಯ ಶಾಲೆ ಎಂದಾಗುತ್ತದೆ. ಹೊರವಲಯದಲ್ಲಿ ಬಾಡಿಗೆಗಿರುವವರು ಏನು ಮಾಡಬೇಕು? ಪ್ರತಿ ಹನ್ನೊಂದು ತಿಂಗಳಿಗೆ ಕರಾರು ಬದಲಿಸುವ ಬಾಡಿಗೆದಾರರಿಗೆ ಯಾವ ನೆರೆಹೊರೆ? ಈ ಪ್ರಶ್ನೆಗಳಿಗೆ ಉತ್ತರ ಬೇಕು. ಆದರೆ ಅದೇ ನೆರೆಹೊರೆಯ ಕೊಳೆಗೇರಿಯ, ಸರ್ವೆಂಟ್ ಕ್ವಾರ್ಟರ್ಸ್‌ನ, ಕಟ್ಟಡ ಕಾವಲುಗಾರನ ಮಗುವೂ ಲೆಕ್ಕಕ್ಕೆ ಬಂದರೆ ವಾದದ ತೂಕ ಬದಲಾಗುತ್ತದೆ. ಆ ಮಗುವಿಗೆ ಒಂದು ಕಾಲದಲ್ಲಿ ಈ ರಾಜ್ಯದಲ್ಲಿ ಬಾಗಿಲು ತೆರೆದಿತ್ತು.

ಒಂದೂವರೆ ಲಕ್ಷ ಸೀಟು ಎಲ್ಲಿ ಹೋಯಿತು?

ಶಿಕ್ಷಣ ಹಕ್ಕು ಕಾಯಿದೆಯ 12ನೇ ಕಲಮಿನಂತೆ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದ ಬಳಿಕ ಕರ್ನಾಟಕದಲ್ಲಿ ಜಾರಿಯಾಯಿತು. ಪರಿಶಿಷ್ಟ ಜಾತಿಗೆ ಶೇ 7.5, ಪರಿಶಿಷ್ಟ ಪಂಗಡಕ್ಕೆ ಶೇ 1.5, ಉಳಿದ ವರ್ಗಗಳಿಗೆ ಶೇ 16 ಎಂದು ಹಂಚಿಕೆ. ನಗರದಲ್ಲಿ ವಾರ್ಡು, ಹಳ್ಳಿಯಲ್ಲಿ ಗ್ರಾಮವೇ ನೆರೆಹೊರೆ. ಮುಂದೆ ಆನ್‌ಲೈನ್ ಲಾಟರಿಯೂ ಬಂತು. ಶುಲ್ಕವನ್ನು ಸರಕಾರವೇ ಭರಿಸುತ್ತಿತ್ತು. ಒಂದನೇ ತರಗತಿಗೆ ಮೊದಲು 11,848 ರೂಪಾಯಿ, ನಂತರ 16 ಸಾವಿರ ರೂಪಾಯಿವರೆಗೆ.

ದೋಷಗಳಿರಲಿಲ್ಲವೆಂದಲ್ಲ. ನಕಲಿ ಆದಾಯ ಪತ್ರ, ಲಾಟರಿಗಾಗಿ ಬದಲಾದ ವಿಳಾಸಗಳ ದೂರುಗಳು ಪ್ರತಿವರ್ಷ ಬಂದವು. ಸರಕಾರದ ಹಣ ತಡವಾಗಿ ಬರುತ್ತದೆ ಎಂದು ಶಾಲೆಗಳು ಗೊಣಗಿದವು. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದು ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಹೇಳಿದ ಮೇಲೆ, ಭಾಷಾ ಅಲ್ಪಸಂಖ್ಯಾತ ಸ್ಥಾನಮಾನದ ಬಗ್ಗೆ ಆಡಳಿತ ಮಂಡಳಿಗಳಿಗೆ ಆಸಕ್ತಿ ಹೆಚ್ಚಿತು. (ಆ ತೀರ್ಪಿನ ಮರುಪರಿಶೀಲನೆ ಅಗತ್ಯವೆಂದು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಅಭಿಪ್ರಾಯಪಟ್ಟು, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.) ಇಷ್ಟಾದರೂ 2018-19ರಲ್ಲಿ ರಾಜ್ಯದಲ್ಲಿ ಈ ಕೋಟಾದಡಿ ಸುಮಾರು ಒಂದೂವರೆ ಲಕ್ಷ ಸೀಟುಗಳಿದ್ದವು, ಅರ್ಜಿಗಳು ಎರಡು ಲಕ್ಷ ದಾಟಿದ್ದವು.

2019ರ ಆರಂಭದಲ್ಲಿ ಸರಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕಿಲ್ಲ ಎಂಬುದು ತಿದ್ದುಪಡಿಯ ಸಾರ. ಮರುವರ್ಷವೇ ಸೀಟುಗಳು ಇಪ್ಪತ್ತು ಸಾವಿರದೊಳಕ್ಕೆ ಕುಸಿದವು. ಬೆಂಗಳೂರಿನಲ್ಲಂತೂ ಸರಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ವಾರ್ಡು ಹುಡುಕುವುದೇ ಕಷ್ಟ. ನೆರೆಹೊರೆಯ ಮಗುವನ್ನು ಒಳಗೆ ಕರೆಯಲು ಕಾಯಿದೆಯಲ್ಲಿ ಬರೆದಿದ್ದ ‘ನೆರೆಹೊರೆ’ ಎಂಬ ಪದವೇ ಅದನ್ನು ಹೊರಗಿಡುವ ಸಾಧನವಾಯಿತು.

ಸರಕಾರದ ತರ್ಕ ಅರ್ಥವಾಗದ್ದಲ್ಲ. ಸರಕಾರಿ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿರುವಾಗ ಸರಕಾರವೇ ಕೋಟಿಗಟ್ಟಲೆ ಹಣ ಕೊಟ್ಟು ಖಾಸಗಿ ಶಾಲೆಗೆ ಮಕ್ಕಳನ್ನು ಕಳುಹಿಸುವುದೇಕೆ ಎಂದು ಕನ್ನಡ ಶಾಲೆಗಳ ಉಳಿವಿಗೆ ದುಡಿದವರೂ ಕೇಳುತ್ತಿದ್ದರು. 2019ರ ಮೇ ಕೊನೆಯಲ್ಲಿ ರಾಜ್ಯ ಹೈಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಇದೇ ಬಗೆಯ ನಿಯಮವನ್ನು ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ತಂದಾಗ, ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದುಗೊಳಿಸಿತು. ಸಂಸತ್ತಿನ ಕಾಯಿದೆ ಹಾಕಿದ ಹೊಣೆಯನ್ನು ಅದರಡಿ ರೂಪಿಸಿದ ನಿಯಮ ಕಿತ್ತುಹಾಕಲಾರದು ಎಂಬುದು ಅದರ ತರ್ಕ. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದರಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ಗಡಿಯ ಆಚೆ ಬೆಳಗಾವಿಯಿಂದ ಕೂಗಳತೆಯಲ್ಲಿರುವ ಮಗುವಿಗೆ ಇರುವ ಹಕ್ಕು ಈಚೆಯ ಮಗುವಿಗೆ ಇಲ್ಲ. ಕರ್ನಾಟಕದಲ್ಲಿ 2025-26ನೇ ಸಾಲಿನ ಪ್ರವೇಶವೂ ಹಳೆಯ ನಿಯಮದಂತೆಯೇ ನಡೆಯಿತು.

ಬಿಟ್ಟುಹೋದ ಎರಡು ವರ್ಷ

ಹಾಗಾದರೆ ನೆರೆಹೊರೆಯ ಸರಕಾರಿ ಶಾಲೆಗೇ ಕಳುಹಿಸಬಹುದಲ್ಲ? ಇಂಗ್ಲಿಷ್ ಮಾಧ್ಯಮದ ಮೋಹವನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಆ ಕೊರತೆ ತುಂಬಲು ಸರಕಾರ 2019ರಿಂದ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದ ಮೇಲೂ ಖಾಸಗಿ ಎಲ್‌ಕೆಜಿಯ ಸಾಲು ಗಿಡ್ಡವಾಗಲಿಲ್ಲ. ಕಾರಣ ವಯಸ್ಸು. ಖಾಸಗಿ ಶಾಲೆ ನಾಲ್ಕಕ್ಕೆ ಮಗುವನ್ನು ಕರೆಯುತ್ತದೆ, ಬಹುಪಾಲು ಸರಕಾರಿ ಶಾಲೆಗಳು ಒಂದನೇ ತರಗತಿಗೆ ಕರೆಯುತ್ತವೆ. ನಡುವಿನ ಎರಡು ವರ್ಷ ಅಂಗನವಾಡಿಯದು. ದುಡಿಯುವ ತಾಯಿಗೆ ಅಷ್ಟು ಹೊತ್ತು ಕಾಯಲಾಗದು. ಒಮ್ಮೆ ಖಾಸಗಿ ಎಲ್‌ಕೆಜಿ ಮೆಟ್ಟಿಲು ಹತ್ತಿದ ಮಗು ಒಂದನೇ ತರಗತಿಗೆ ಸರಕಾರಿ ಶಾಲೆಗೆ ಮರಳುವುದು ಅಪರೂಪ.

ಇದನ್ನು ಮನಗಂಡೇ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳು ಬಂದವು. 2024ರಲ್ಲಿ ಕಲ್ಯಾಣ ಕರ್ನಾಟಕದ ಸುಮಾರು ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಮುಂದಾದಾಗ, ತಮ್ಮ ಕೇಂದ್ರಗಳೇ ಖಾಲಿಯಾಗುತ್ತವೆ ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕವೂ ನ್ಯಾಯವಾದುದೇ; ಅಂಗನವಾಡಿ ಒಂದು ಇಲಾಖೆಯದು, ಶಾಲೆ ಇನ್ನೊಂದರದು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿ ಎರಡು ವರ್ಷಗಳ ಪೂರ್ವ ಪ್ರಾಥಮಿಕವನ್ನು ಶಾಲಾ ವ್ಯವಸ್ಥೆಯೊಳಗೇ ಸೇರಿಸಿ 2+8+4 ಪದ್ಧತಿಯನ್ನು ಶಿಫಾರಸು ಮಾಡಿದೆ.

ವಯೋಮಿತಿಯ ಗೊಂದಲವೂ ಪೈಪೋಟಿಗೆ ತುಪ್ಪ ಸುರಿದಿದೆ. ಜೂನ್ 1ಕ್ಕೆ ಆರು ವರ್ಷ ತುಂಬಿದ್ದರೆ ಮಾತ್ರ ಒಂದನೇ ತರಗತಿ ಎಂದು 2022ರಲ್ಲಿ ಆದೇಶವಾಯಿತು. ವಿರೋಧದ ಬಳಿಕ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ, ಏಪ್ರಿಲ್‌ನಲ್ಲಿ, ಆ ಒಂದು ಸಾಲಿಗೆ ಮಾತ್ರ ಎಂದು ಐದು ವರ್ಷ ಐದು ತಿಂಗಳಿಗೆ ಇಳಿಸಲಾಯಿತು. ಅಷ್ಟರಲ್ಲಿ ಖಾಸಗಿ ಶಾಲೆಗಳ ಪ್ರವೇಶ ಮುಗಿದು ಐದಾರು ತಿಂಗಳು ಕಳೆದಿದ್ದವು. ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕೆಂಬ ಭಯದಲ್ಲಿ ಶಾಲೆ ಬದಲಿಸಲು ಓಡಾಡಿದ್ದ ಪೋಷಕರು ಕಟ್ಟಿದ ಹಣ ಹಿಂದಿರುಗಲಿಲ್ಲ.

ಹಣದ ಮಾತಿಗೆ ಬಂದರೆ, ಖಾಸಗಿ ಅನುದಾನರಹಿತ ಶಾಲೆಗಳ ಶುಲ್ಕ ನಿಯಂತ್ರಿಸಲು ರಾಜ್ಯದ ಶಿಕ್ಷಣ ಕಾಯಿದೆಯಲ್ಲಿದ್ದ ಅವಕಾಶಗಳು ಆ ಶಾಲೆಗಳಿಗೆ ಅನ್ವಯಿಸುವಷ್ಟರ ಮಟ್ಟಿಗೆ ಅಸಾಂವಿಧಾನಿಕ ಎಂದು 2023ರ ಜನವರಿಯಲ್ಲಿ ಹೈಕೋರ್ಟ್ ತೀರ್ಪಿತ್ತಿದೆ. ಶುಲ್ಕದ ವಿವರವನ್ನು ಸೂಚನಾ ಫಲಕದಲ್ಲಿ ಹಾಕಬೇಕೆಂಬ ಇಲಾಖೆಯ ಸುತ್ತೋಲೆ ಮಾತ್ರ ವರ್ಷವರ್ಷವೂ ಹೊರಡುತ್ತದೆ.

ಶುಲ್ಕದ ಮೇಲೆ ಸರಕಾರದ ಹಿಡಿತ ಸಡಿಲವಾಗಿರಬಹುದು, ನೆಲದ ಮೇಲಿನ ಹಿಡಿತ ಹೋಗಿಲ್ಲ. ಸಿಎ ನಿವೇಶನಗಳ ಗುತ್ತಿಗೆ ಮೂವತ್ತು ವರ್ಷದ್ದು. 1990ರ ದಶಕದಲ್ಲಿ ಕೊಟ್ಟ ಗುತ್ತಿಗೆಗಳ ಅವಧಿ ಈ ದಶಕದಲ್ಲಿ ಒಂದೊಂದಾಗಿ ಮುಗಿಯುತ್ತದೆ. ನವೀಕರಣದ ಕರಾರಿನಲ್ಲಿ ಇಷ್ಟು ಸೀಟು ಬಡಾವಣೆಯ ಮಕ್ಕಳಿಗೆ, ಅದರಲ್ಲಿ ಇಷ್ಟು ಬಡ ಮಕ್ಕಳಿಗೆ, ಹೆಚ್ಚು ಅರ್ಜಿ ಬಂದರೆ ಪೋಷಕರ ಎದುರೇ ಲಾಟರಿ ಎಂದು ಮೂರು ಸಾಲು ಸೇರಿಸಲು ಹೊಸ ಕಾಯಿದೆಯೇ ಬೇಕೆಂದಿಲ್ಲ. ಕೋರ್ಟಿಗೆ ಹೋಗುವವರು ಹೋಗುತ್ತಾರೆ; ದೆಹಲಿಯಲ್ಲಿ ಒಂದು ಷರತ್ತು ಉಳಿಯಿತು, ಇನ್ನೊಂದಕ್ಕೆ ತಡೆ ಬಿತ್ತು. ತೊಡಕಿರುವುದು ಬೇರೆಡೆ. ಗುತ್ತಿಗೆ ಪತ್ರಗಳಿರುವುದು ಕುಮಾರ ಪಾರ್ಕಿನ ಬಿಡಿಎ ಕಚೇರಿಯಲ್ಲಿ, ಪ್ರವೇಶದ ದೂರುಗಳು ಹೋಗುವುದು ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಗೆ. ಯಾವ ಶಾಲೆ ಯಾವ ಸಿಎ ನಿವೇಶನದಲ್ಲಿದೆ, ಅದರ ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂಬ ಪಟ್ಟಿಯನ್ನು ಈ ಎರಡೂ ಕಡೆಯವರು ಒಟ್ಟಿಗೆ ಕುಳಿತು ತಯಾರಿಸಿ, ಅದನ್ನು ಆಯಾ ವಾರ್ಡಿನ ಜನರ ಮುಂದಿಡುವುದು ಮೊದಲ ಕೆಲಸ. ಮುಂದಿನ ದಸರೆಯೊಳಗೆ ಆಗಬಹುದಾದಷ್ಟೇ ದೊಡ್ಡ ಕೆಲಸ ಅದು.